ಪೂಜೆಗೆ ಕೂತ ಕಾಲು

ಶರಣವ್ವನಿಗಿಂತ ಮೊದಲು ಅವಳ ಎಡಗಾಲು ಜನಕ್ಕೆ ಪರಿಚಯವಾಗುತ್ತಿತ್ತು. ದಾಸರಹಳ್ಳಿಯಲ್ಲಿ ಗುರುಪಾದಪ್ಪನ ಮಗಳು ಎಂದರೆ ಯಾರಿಗೂ ಗೊತ್ತಿಲ್ಲ. ಸ್ವಿಚ್ಚಿನ ಶೆಡ್ಡಿನ ಶರಣವ್ವ ಎಂದರೂ ಗೊತ್ತಿಲ್ಲ. ಆನೆಕಾಲಿನವಳು ಎಂದರೆ ಸಾಕು, ಸೀಮೆಎಣ್ಣೆ ಅಂಗಡಿಯವನಿಂದ ಹಿಡಿದು ತುಮಕೂರು ರಸ್ತೆಯ ಬಸ್ ಕಂಡಕ್ಟರನ ತನಕ ಎಲ್ಲರೂ ಕೈ ಮಾಡಿ ಮನೆ ತೋರಿಸುತ್ತಿದ್ದರು.

ಗುಲಬರ್ಗಾ ಕಡೆಯ ಊರಿನಲ್ಲಿದ್ದಾಗಲೇ ಅದು ಶುರುವಾದದ್ದು. ಮೊದಲು ಚಳಿಜ್ವರ. ಆಮೇಲೆ ತೊಡೆಸಂದಿನಲ್ಲಿ ಗಂಟು. ಆಮೇಲೆ ಬಾವು. ಬಾವು ಇಳಿಯಿತು, ಮತ್ತೆ ಬಂತು, ಮತ್ತೆ ಇಳಿಯಿತು. ಒಂದು ಸಲ ಬಂದದ್ದು ಇಳಿಯಲೇ ಇಲ್ಲ. ಏಳನೇ ಕ್ಲಾಸಿನಲ್ಲಿ ಹುಡುಗನೊಬ್ಬ ಕಬ್ಬಿನ ತುಂಡು ತಂದು ಅವಳ ಮುಂದೆ ಹಿಡಿದು, "ಆನಿ, ತಿನ್ನು" ಎಂದ. ಇಡೀ ಕ್ಲಾಸು ನಕ್ಕಿತು. ಮಾಸ್ತರರೂ ನಕ್ಕರು. ಶರಣವ್ವ ಕಬ್ಬು ಇಸಿದುಕೊಂಡಳು. ಸಿಹಿಯಾಗಿತ್ತು. ಪೂರ್ತಿ ತಿಂದಳು. ಮನೆಗೆ ಹೋಗಿ ಅತ್ತಳು. ಮರುದಿನದಿಂದ ಶಾಲೆಗೆ ಹೋಗಲಿಲ್ಲ.

ಅಪ್ಪನಿಗೆ ಪೀಣ್ಯದಲ್ಲಿ ವಾಚ್‌ಮನ್ ಕೆಲಸ ಸಿಕ್ಕಾಗ ಅಪ್ಪ, ಅವ್ವ, ಶರಣವ್ವ ಬೆಂಗಳೂರಿಗೆ ಬಂದರು. ಕಾಲೂ ಬಂತು.

ಕಾಲಿಗೆ ಅದರದೇ ಚಾಕರಿ. ಬೆಳಿಗ್ಗೆ ಎದ್ದ ಕೂಡಲೇ ಸೋಪು ಹಚ್ಚಿ ತೊಳೆಯಬೇಕು. ಬೆರಳ ಸಂದಿಯಲ್ಲಿ ನೀರು ನಿಲ್ಲಬಾರದು, ನಿಂತರೆ ಹುಣ್ಣು, ಹುಣ್ಣಾದರೆ ಜ್ವರ. ಅವ್ವ ನಿಂಗವ್ವ ಒಂದೊಂದು ಸಂದಿಯನ್ನೂ ಬಟ್ಟೆಯ ತುದಿಯಿಂದ ಒರೆಸುತ್ತಿದ್ದಳು. ಆಮೇಲೆ ಅಪ್ಪನ ಹಳೆಯ ಧೋತರ ಹರಿದು ಮಾಡಿದ ಪಟ್ಟಿಯನ್ನು ಬೆರಳ ಬುಡದಿಂದ ಮೊಣಕಾಲಿನ ತನಕ ಬಿಗಿಯಾಗಿ ಸುತ್ತುವುದು. ರಾತ್ರಿ ಮಲಗುವಾಗ ಕಾಲ ಕೆಳಗೆ ಜೋಳದ ಚೀಲ. ಎಡಪಾದಕ್ಕೆ ಪೇಟೆಯ ಚಪ್ಪಲಿ ಹಿಡಿಯುತ್ತಿರಲಿಲ್ಲ. ಲಾರಿ ಟೈರು ಕೊಯ್ದು ಮಾಡಿಸಿದ್ದೊಂದು ಇತ್ತು.

ಆಸ್ಪತ್ರೆಯ ಡಾಕ್ಟರು ಕಾಲನ್ನು ಪೆನ್ಸಿಲಿನ ತುದಿಯಿಂದ ಒತ್ತಿ ನೋಡಿದ್ದರು. "ಸೊಳ್ಳೆಯಿಂದ ಬರೋದಮ್ಮ. ಮುಟ್ಟಿದ್ರೆ ಅಂಟಲ್ಲ" ಎಂದಿದ್ದರು. ಅಂಟುವುದಿಲ್ಲ ಎಂದವರೇ ಪೆನ್ಸಿಲ್ ಯಾಕೆ ಹಿಡಿದರು ಎಂದು ಶರಣವ್ವ ದಾರಿಯುದ್ದಕ್ಕೂ ಯೋಚಿಸಿದಳು. ಬಾಯಿ ಬಿಟ್ಟು ಕೇಳಲಿಲ್ಲ. ಅವಳು ಕೇಳುವವಳಲ್ಲ, ನೋಡುವವಳು. ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಕೊನೆಗೆ ತುಂಬುವುದನ್ನು ನೋಡುತ್ತಿದ್ದಳು. ಹೆಣ್ಣು ನೋಡಲು ಬಂದವರ ಕಣ್ಣು ಅವಳ ಮುಖದಿಂದ ಸೀರೆಯ ಅಂಚಿಗೆ ಇಳಿಯುವುದನ್ನು ನೋಡಿದ್ದಳು. ಅವರು ಚಹಾ ಮುಟ್ಟದೆ ಎದ್ದು ಹೋದರು. ಆ ಚಹಾವನ್ನು ಅಪ್ಪ, ಅವ್ವ, ಅವಳು ಹಂಚಿಕೊಂಡು ಕುಡಿದರು. ಸಕ್ಕರೆ ಜಾಸ್ತಿ ಹಾಕಿದ ಚಹಾ, ಚೆಲ್ಲುವುದು ಹೇಗೆ?

ಅವಳು ಕೆಲಸಕ್ಕೆ ಹೋಗುತ್ತಿದ್ದ ಶೆಡ್ಡು ಮುರಿಗೆಪ್ಪನವರದು. ಅಲ್ಲಿ ಮನೆಗೋಡೆಗೆ ಹಾಕುವ ಕರಿ ಸ್ವಿಚ್ಚು ತಯಾರಾಗುತ್ತಿತ್ತು. ಬೆಂಚಿನ ಮೇಲೆ ರಿವೆಟ್ ಹೊಡೆಯುವ ಪುಟ್ಟ ಮಷೀನು, ಕೆಳಗೆ ಕಬ್ಬಿಣದ ಪೆಡಲು. ಹಿತ್ತಾಳೆಯ ತುಂಡು ಕೂರಿಸಬೇಕು, ರಿವೆಟ್ ಇಡಬೇಕು, ಪೆಡಲು ತುಳಿಯಬೇಕು. ಟಕ್. ಮತ್ತೆ ತುಂಡು, ಮತ್ತೆ ರಿವೆಟ್, ಮತ್ತೆ ಟಕ್. ಸಂಜೆಯಾಗುವಷ್ಟರಲ್ಲಿ ಹೆಂಗಸರಿಗೆಲ್ಲ ತೊಡೆ ಹಿಡಿದು ಕುಂಟುವಂತಾಗುತ್ತಿತ್ತು. ಶರಣವ್ವನಿಗೆ ತುಳಿಯುವ ಕಷ್ಟ ಇರಲಿಲ್ಲ. ಎಡಗಾಲನ್ನು ಪೆಡಲಿನ ಮೇಲೆ ಇಟ್ಟರೆ ಸಾಕು, ಅದರ ಭಾರಕ್ಕೇ ಮಷೀನು ಟಕ್ ಎನ್ನುತ್ತಿತ್ತು.

"ನಿನ್ ಕಾಲಿಗೆ ಬೇರೆ ಸಂಬಳ ಕೊಡ್ಬೇಕು ಕಣೇ" ಎನ್ನುತ್ತಿದ್ದಳು ಪಕ್ಕದ ಮಷೀನಿನ ಕುಲ್ಸುಮ್. "ನಾನು ಬೆವರು ಸುರಿಸ್ತೀನಿ, ಅದು ಸುಮ್ನೆ ಮಲ್ಕೊಂಡು ಕೆಲ್ಸ ಮಾಡುತ್ತೆ. ಆಫೀಸರ್ ಕಾಲು!"

ಶರಣವ್ವ ತಲೆ ತಗ್ಗಿಸಿಕೊಂಡೇ ನಗುತ್ತಿದ್ದಳು. ಕಾಲಿನ ವಿಚಾರದಲ್ಲಿ ಅವಳನ್ನು ನಗಿಸಿದವಳು ಕುಲ್ಸುಮ್ ಒಬ್ಬಳೇ.

ಸೂಪರ್‌ವೈಸರ್ ವೆಂಕಟಸ್ವಾಮಿಯ ಮಾತಿಗೆ ನಗು ಬರುತ್ತಿರಲಿಲ್ಲ. ಮಾಲು ಕೊಳ್ಳುವ ಪಾರ್ಟಿಗಳ ಕಾರು ಗೇಟಿಗೆ ಬಂದರೆ ಅವನು ಚಪ್ಪಾಳೆ ತಟ್ಟುತ್ತಿದ್ದ. "ಏಯ್, ಆನೆ ಒಳಗೆ!" ಶರಣವ್ವನ ಮಷೀನಿನ ಹಿಂದೆಯೇ ಗೋಡೌನು. ಬಾಗಿಲಿಗೆ ಗೋಣಿಯ ಪರದೆ. ಅವಳು ಎದ್ದು ಪರದೆಯ ಹಿಂದೆ ಹೋಗಿ ರಟ್ಟಿನ ಡಬ್ಬಗಳ ನಡುವೆ ನಿಲ್ಲಬೇಕು. ಪಾರ್ಟಿಗಳು ಕಾಫಿ ಕುಡಿದು ಹೋಗುವ ತನಕ ನಿಲ್ಲಬೇಕು. ಅವಳು ಹೊಡೆದ ರಿವೆಟ್ಟನ್ನು ಅವರು ಬೆರಳಲ್ಲಿ ಸವರಿ, "ಫಿನಿಶಿಂಗ್ ಚೆನ್ನಾಗಿದೆ" ಎನ್ನುವುದು ಗೋಣಿಯ ಆಚೆಯಿಂದ ಕೇಳಿಸುತ್ತಿತ್ತು.

ಆ ವರ್ಷ, ಎಂಬತ್ತಮೂರನೇ ಇಸವಿ, ಆಯುಧಪೂಜೆಯ ಹಿಂದಿನ ದಿನ ವೆಂಕಟಸ್ವಾಮಿ ಅವಳ ಬೆಂಚಿನ ಹತ್ತಿರ ಬಂದ.

"ನಾಳೆ ಪೂಜೆಗೆ ನೀನು ಬರ್ಬೇಡ."

ಶರಣವ್ವ ತಲೆ ಎತ್ತಿದಳು.

"ಯಜಮಾನ್ರ ಸೊಸೆ ಬರ್ತಾರೆ. ತುಂಬಿದ ಬಸುರಿ. ನಿನ್ ಕಾಲು ಅವರ ಕಣ್ಣಿಗೆ ಬೀಳಬಾರ್ದು. ಮಗೂಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಪುರಿ, ಸ್ವೀಟು ಮನೆಗೆ ಕಳಿಸ್ತೀನಿ." ಹೋಗಲು ತಿರುಗಿದವನು ನಿಂತ. "ಹಬ್ಬ ಮುಗಿದ್ಮೇಲೆ ನಿಂಗೆ ಈ ಮಷೀನಿಲ್ಲ. ಬಾಗಿಲಿಗೆ ನೇರ ಕಾಣುತ್ತೆ. ಗೋಡೌನಲ್ಲಿ ಡಬ್ಬ ಜೋಡ್ಸು."

ಗೋಡೌನಿನಲ್ಲಿ ಕೂರುವ ಜಾಗವಿಲ್ಲ. ದಿನವಿಡೀ ನಿಲ್ಲಬೇಕು, ಎತ್ತಬೇಕು. ನಿಂತರೆ ಕಾಲಿಗೆ ಏನಾಗುತ್ತದೆ ಎಂದು ಶರಣವ್ವನಿಗೆ ಗೊತ್ತು. ಮಧ್ಯಾಹ್ನಕ್ಕೆ ಸೀಸ ತುಂಬಿದ ಹಾಗೆ. ಸಂಜೆಗೆ ಕಲ್ಲು. ಆಮೇಲೆ ಚರ್ಮದ ಮೇಲೆ ಕೆಂಪು ಗೆರೆ, ನಡುಕ, ಜ್ವರ. ಜ್ವರ ಬಂದರೆ ರಜಾ, ರಜಾ ಜಾಸ್ತಿಯಾದರೆ ಮನೆ. ವೆಂಕಟಸ್ವಾಮಿ ಕೆಲಸ ಬಿಡು ಎಂದಿರಲಿಲ್ಲ. ಕಾಲಿನ ಕೈಯಲ್ಲಿ ಬಿಡಿಸುತ್ತಿದ್ದ.

ಆದರೂ ಶರಣವ್ವ ಮರುದಿನ ಬೆಳಿಗ್ಗೆ ಎದ್ದು ಕಾಲು ತೊಳೆದು, ಒಗೆದ ಬಿಳಿ ಪಟ್ಟಿ ಸುತ್ತಿ, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಳು.

"ಬರಬ್ಯಾಡ ಅಂದಾರಂತ, ಯಾಕ ಹೊಂಟಿ?" ಎಂದಳು ನಿಂಗವ್ವ.

"ನನ್ನ ಮಷೀನಿಗಿ ಕುಂಕುಮ ಹಚ್ಚಿ ಬರ್ತೀನಿ ಅವ್ವ. ಮೂರು ವರ್ಷ ಅನ್ನ ಹಾಕ್ಯಾದ."

"ಹಬ್ಬದ ದಿನ ಬೈಸಿಕೊಳ್ತಿ."

"ಬೈಗಳಕ್ಕೂ ಹಬ್ಬ ಇರ್ತದೇನು?"

ಮುರಿಗೆಪ್ಪನವರು ಹಣೆ ತುಂಬ ವಿಭೂತಿ ಇಡುವ ಮನುಷ್ಯ. ಆಯುಧಪೂಜೆಯ ವಿಷಯದಲ್ಲಿ ಅವರದು ಒಂದೇ ಹಟ. ಪೂಜೆಗೆ ಕೂತ ಆಯುಧ ಮರುದಿನ ವಿಜಯದಶಮಿಯ ಬೆಳಿಗ್ಗೆ ತನಕ ಅಲ್ಲಾಡಬಾರದು. ಹೋದ ವರ್ಷ ಪೂಜೆ ಮುಗಿದ ಮೇಲೆ ಹಿತ್ತಾಳೆ ಚೂರು ಕೊಳ್ಳುವ ಸೇಟು ಬಂದಿದ್ದ. ತಕ್ಕಡಿಗೆ ಕುಂಕುಮ ಬಿದ್ದಿದೆ, ಮುಟ್ಟಬೇಡ ಎಂದು ಮುರಿಗೆಪ್ಪನವರು ಕೂಗಾಡಿ ಸೇಟನ್ನು ವಾಪಸು ಕಳಿಸಿದ್ದರು. ಆಮೇಲೆ ಕಛೇರಿಯ ಗಡಿಯಾರಕ್ಕೂ ಯಾರೋ ಕುಂಕುಮ ಇಟ್ಟುಬಿಟ್ಟಿದ್ದರು. ಅದು ನಡೆಯುತ್ತಲೇ ಇತ್ತು. ಅದನ್ನೇನು ಮಾಡುವುದೆಂದು ತಿಳಿಯದೆ ಅವರು ಮುಖ ತಿರುಗಿಸಿಕೊಂಡು ಓಡಾಡಿದ್ದರು.

ಶರಣವ್ವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಾಗ ಶೆಡ್ಡು ಮಾವಿನೆಲೆ, ಚೆಂಡುಹೂ, ಊದುಬತ್ತಿಯ ವಾಸನೆಯಿಂದ ತುಂಬಿತ್ತು. ಮಷೀನುಗಳನ್ನೆಲ್ಲ ತೊಳೆದು ಒರೆಸಿ ಬಾಳೆಕಂದು ಕಟ್ಟಿದ್ದರು. ವೆಂಕಟಸ್ವಾಮಿ ಅವಳನ್ನು ನೋಡಿ ಓಡಿ ಬಂದ.

"ಬರ್ಬೇಡ ಅಂದ್ನಲ್ಲ! ಕಾರು ಆಗ್ಲೇ ಗೇಟಿಗೆ ಬಂತು. ಹೋಗು, ಪರದೆ ಹಿಂದೆ ಹೋಗು. ಅಲ್ಲಾಡ್ಬೇಡ. ಉಸಿರೆತ್ತಬೇಡ. ನಾನು ಹೇಳೋವರೆಗೂ ಕಲ್ಲಿನ ಥರ ಇರ್ಬೇಕು."

ಅವಳು ಹೋದಳು. ಗೋಡೌನು ಕತ್ತಲು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು, ಬಳೆಗಳ ಸದ್ದು, "ಬನ್ನಿ ಅಮ್ಮ ಬನ್ನಿ" ಎನ್ನುವ ವೆಂಕಟಸ್ವಾಮಿಯ ಜೇನುದನಿ. ನಡೆದು ಬಂದ ಕಾಲು ಸಿಡಿಯುತ್ತಿತ್ತು. ಕೈಗೆ ಒಂದು ಮರದ ಪೆಟ್ಟಿಗೆ ತಾಗಿತು. ಅದನ್ನು ಮುಂದಕ್ಕೆ ತಳ್ಳಿ, ಡಬ್ಬದ ಮೇಲೆ ಕೂತು, ಎಡಗಾಲನ್ನು ಎತ್ತಿ ಪೆಟ್ಟಿಗೆಯ ಮೇಲೆ ಚಾಚಿದಳು. ಪಾದ ಪರದೆಯ ಕೆಳಗಿನಿಂದ ಆಚೆಗೆ, ತನ್ನ ಮಷೀನಿನ ಪಕ್ಕಕ್ಕೇ ಹೋಯಿತು. ಕತ್ತಲಲ್ಲಿ ಅವಳಿಗೆ ಅದು ತಿಳಿಯಲಿಲ್ಲ.

ಮಷೀನುಗಳಿಗೆ ಅರಿಶಿನ ಕುಂಕುಮ ಹಚ್ಚುವ ಕೆಲಸ ಸೊಣ್ಣಮ್ಮನದು. ಶೆಡ್ಡು ಗುಡಿಸುವ ಮುದುಕಿ, ದಾಸರಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದವಳು. ಎರಡು ಕಣ್ಣಿಗೂ ಪೊರೆ. ತಡವಿಕೊಂಡು ಒಂದೊಂದೇ ಮಷೀನಿಗೆ ಹಚ್ಚುತ್ತಾ, ಒಂದೊಂದಕ್ಕೂ ಬುದ್ಧಿ ಹೇಳುತ್ತಾ ಬರುತ್ತಿದ್ದಳು. "ನೀನು ಓದ ತಿಂಗಳು ಆ ಉಡುಗಿ ಬೆರಳು ಕಚ್ಚಿದ್ಯಲ್ಲ, ಇನ್ನೊಂದ್ ಸಲ ಅಂಗ್ ಮಾಡಬ್ಯಾಡ." ಶರಣವ್ವನ ಮಷೀನು ಮುಗಿಯಿತು. ಸೊಣ್ಣಮ್ಮನ ಕೈ ಪಕ್ಕಕ್ಕೆ ಸರಿಯಿತು. ಬಟ್ಟೆ ಸುತ್ತಿದ ಏನೋ ದಪ್ಪನೆಯದು ಸಿಕ್ಕಿತು.

"ಇದ್ಯಾವ್ದಪ್ಪ ಒಸದು? ಬಟ್ಟೆ ಬಿಚ್ಚೇ ಇಲ್ಲ."

ಶರಣವ್ವ ಉಸಿರು ಹಿಡಿದಳು. ಅಲ್ಲಾಡಬೇಡ ಎಂದಿದ್ದರು. ಕಾಲಿನ ಮೇಲೆ ಒದ್ದೆ ವಿಭೂತಿಯ ಮೂರು ಗೆರೆ ತಣ್ಣಗೆ ಇಳಿದವು. ಮೇಲೆ ಅರಿಶಿನ. ಅದರ ಮೇಲೆ ಕುಂಕುಮದ ಬೊಟ್ಟು, ಒರಟು ಹೆಬ್ಬೆರಳಿನಿಂದ ಒತ್ತಿ ಇಟ್ಟದ್ದು. ಆಮೇಲೆ ಚೆಂಡುಹೂವಿನ ಒಂದು ಮೊಳ.

"ಒಸದಾಗ್ ಬಂದಿದ್ದೀಯ," ಎಂದಳು ಸೊಣ್ಣಮ್ಮ, ಕಾಲನ್ನು ಎರಡು ಸಲ ತಟ್ಟಿ. "ಚೆಂದಾಗಿ ದುಡಿ. ನಿನ್ ತುಳಿಯೋಳ ಒಟ್ಟೆ ತಣ್ಣಗಿಡು."

ಅವ್ವನನ್ನು ಬಿಟ್ಟರೆ ಆ ಕಾಲನ್ನು ಯಾರೂ ಅಂಗೈಯಿಂದ ಮುಟ್ಟಿರಲಿಲ್ಲ. ಶರಣವ್ವ ಅಳು ಬರುತ್ತದೆ ಎಂದುಕೊಂಡಳು. ಅಷ್ಟರಲ್ಲಿ ಸೊಣ್ಣಮ್ಮ ಹೂವು ಸರಿ ಮಾಡಲು ಹೋಗಿ ಬೆರಳ ಸಂದಿಗೆ ಕೈ ಹಾಕಿದಳು. ಕಚಗುಳಿಯಾಗಿ ಬೆರಳುಗಳು ಕುಣಿದವು.

"ಅಯ್ಯಯ್ಯೋ! ಮಷೀನು ಅಲ್ಲಾಡ್ತು! ಕರೆಂಟ್ ಅಯ್ತೆ!"

ಕುಂಕುಮದ ತಟ್ಟೆ ಠಣ್ ಎಂದು ಬಿತ್ತು. ಪರದೆಯ ಹಿಂದಿನಿಂದ ನಗು ಸಿಡಿಯಿತು. ತಡೆದು ತಡೆದು ಇಟ್ಟುಕೊಂಡಿದ್ದ ನಗು, ಗೋಣಿಯೇ ನಕ್ಕ ಹಾಗೆ. ಕುಲ್ಸುಮ್ ಓಡಿ ಬಂದು ಪರದೆ ಎಳೆದಳು. ಎಳೆದ ಜೋರಿಗೆ ಅದು ಕಿತ್ತು ಅವಳ ತಲೆಯ ಮೇಲೆಯೇ ಬಿತ್ತು. ಎಲ್ಲರೂ ನೋಡಿದರು. ಡಬ್ಬದ ಮೇಲೆ ಶರಣವ್ವ. ಪೆಟ್ಟಿಗೆಯ ಮೇಲೆ ಕಾಲು. ಕಾಲ ಮೇಲೆ ವಿಭೂತಿ, ಅರಿಶಿನ, ಕುಂಕುಮ, ಚೆಂಡುಹೂವು.

ವೆಂಕಟಸ್ವಾಮಿಯ ಮುಖ ಸುಣ್ಣವಾಯಿತು. ಹಿಂದೆಯೇ ಮಂಗಳಾರತಿ ತಟ್ಟೆ ಹಿಡಿದ ಮುರಿಗೆಪ್ಪನವರು. ಅವರ ಹಿಂದೆ ಸೊಸೆ.

"ಒರಸು ಅದನ್ನ!" ವೆಂಕಟಸ್ವಾಮಿ ಹಲ್ಲು ಕಚ್ಚಿದ. "ಎದ್ದು ಒಳಗೆ ಹೋಗು!"

ಶರಣವ್ವ ಎಲ್ಲರ ಮುಖ ನೋಡಿದಳು. ಅವಳ ಬಾಯಿಂದ ಮಾತು ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಅವಳೂ ಅಂದುಕೊಂಡಿರಲಿಲ್ಲ.

"ಆಗಂಗಿಲ್ರಿ."

"ಏನಂದೆ?"

"ಪೂಜಾ ಆಗ್ಯಾದ್ರಿ. ಪೂಜಾಕ್ಕ ಕೂತ ಆಯುಧ ನಾಳಿ ಮುಂಜಾನಿ ತನಕ ಅಲ್ಲಾಡಬಾರದಂತ ಯಜಮಾನ್ರೇ ಹೇಳ್ಯಾರ."

ಹೆಂಗಸರ ನಡುವೆ ನಗು ಕಿಸಕ್ಕೆಂದಿತು. ಮುರಿಗೆಪ್ಪನವರು ತಟ್ಟೆ ಹಿಡಿದೇ ಮುಂದೆ ಬಂದರು. "ಕಾಲು ಯಾವ ಸೀಮೆ ಆಯುಧನಮ್ಮ?"

"ಮತ್ತೇನ್ರಿ?" ಶರಣವ್ವ ಅಲ್ಲಿಗೇ ನಿಲ್ಲಿಸಲಿಲ್ಲ. "ತಕ್ಕಡಿ ಆಯುಧ. ಕಸಬರಗಿ ಆಯುಧ. ಗಡಿಯಾರಕ್ಕೂ ಕುಂಕುಮ ಹಚ್ಚೀರಿ. ನಿಮ್ಮ ಮಷೀನು ತುಳಿದಿದ್ದು ಯಾವುದ್ರಿ? ಇದು ದೇವರ ಕಾಲಲ್ಲ, ಪಾಪದ ಕಾಲೂ ಅಲ್ಲ. ದುಡಿಯೋ ಕಾಲು. ರಿವೆಟ್ ಚಂದ ಅದ ಅಂತ ಪಾರ್ಟಿಯವ್ರು ಹೊಗಳಿದ್ರು, ಇದು ಗೋಣಿ ಹಿಂದ ನಿಂತು ಕೇಳ್ತು. ನಾ ಗೋಡೌನಿಗಿ ಹೋಗಂಗಿಲ್ಲ. ನಾಳಿನೂ ಹೋಗಂಗಿಲ್ಲ. ನನ್ನ ಮಷೀನಿನ್ಯಾಗ ನಾ ಕೂಡ್ತೀನಿ."

"ಸೊಣ್ಣಮ್ಮ, ಒರಸು!" ಎಂದ ವೆಂಕಟಸ್ವಾಮಿ.

ಸೊಣ್ಣಮ್ಮ ಇನ್ನೂ ಎದೆ ಹಿಡಿದುಕೊಂಡು ನಿಂತಿದ್ದಳು. "ಇಟ್ಟ ಕುಂಕುಮ ಅಳ್ಸೋ ಕೆಲ್ಸ ನಂದಲ್ಲ ಕಣಪ್ಪ. ಇಡಾದಷ್ಟೇ ನಂದು. ನಂಗೆ ಕಣ್ಣು ಕಾಣಾಕಿಲ್ಲ, ಕೈಗೆ ಅದು ಮಷೀನಂಗೇ ಅನ್ನುಸ್ತು. ಕೈ ಸುಳ್ಳೇಳಾಕಿಲ್ಲ."

"ಕುಲ್ಸುಮ್!"

"ನನ್ನ ಯಾಕೆ ಸಾರ್ ಕೇಳ್ತೀರಾ?" ಕುಲ್ಸುಮ್ ತಲೆಯ ಮೇಲಿನ ಗೋಣಿ ತೆಗೆಯುತ್ತಾ ಅಂದಳು. "ನಿಮ್ಮ ಹಬ್ಬದ ಕಾನೂನು ನಂಗೇನು ಗೊತ್ತು?"

ಬೇರೆ ಯಾರೂ ಮುಂದೆ ಬರಲಿಲ್ಲ. ವೆಂಕಟಸ್ವಾಮಿ ತಾನೇ ಚಿಂದಿ ಬಟ್ಟೆ ಹಿಡಿದು ಬಗ್ಗಿದ. ಕೈ ಚಾಚಿದ. ಕಾಲಿನ ಹತ್ತಿರ ಬಂದ ಕೈ ತಾನಾಗಿ ನಿಂತಿತು. ಒಂದು ಗೇಣು ಹಿಂದಕ್ಕೆ ಹೋಯಿತು. ಇದೇ ಹಿಂದಕ್ಕೆ ಹೋಗುವುದನ್ನು ಶರಣವ್ವ ಬಸ್ಸಿನಲ್ಲಿ, ನಲ್ಲಿಯ ಹತ್ತಿರ, ಆಸ್ಪತ್ರೆಯಲ್ಲಿ ನೋಡಿದ್ದಳು. ಪ್ರತಿ ಸಲ ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು. ಈ ಸಲ ಎಳೆದುಕೊಳ್ಳಲಿಲ್ಲ.

"ಮುಟ್ರಿ," ಎಂದಳು. "ಕಚ್ಚಂಗಿಲ್ಲ."

ಅವನು ಮುಟ್ಟಲಿಲ್ಲ. ಮುಟ್ಟದೆ ಒರೆಸುವುದು ಆಗಲಿಲ್ಲ. ಬಗ್ಗಿದವನಿಗೆ ನೆಟ್ಟಗಾಗುವುದೂ ಗೊತ್ತಾಗದೆ, ಚಿಂದಿ ಹಿಡಿದು ಅವಳ ಪಾದದ ಮುಂದೆ ಹಾಗೇ ನಿಂತ. ದೂರದಿಂದ ನೋಡಿದವರಿಗೆ ನಮಸ್ಕಾರ ಮಾಡುತ್ತಿದ್ದಾನೆ ಎನಿಸುವಂತಿತ್ತು. ಮೊದಲು ನಕ್ಕವಳು ಸೊಣ್ಣಮ್ಮ. ಕಣ್ಣು ಕಾಣದವಳಿಗೆ ಅದು ಹೇಗೆ ಕಂಡಿತೋ! ಆಮೇಲೆ ಇಡೀ ಶೆಡ್ಡು ನಕ್ಕಿತು.

ಆಗ ಸೊಸೆ ಮುಂದೆ ಬಂದಳು. ಮುರಿಗೆಪ್ಪನವರು "ನೋಡ್ಬೇಡಮ್ಮ" ಎನ್ನುವಷ್ಟರಲ್ಲಿ ಅವಳು ನೋಡಿಯಾಗಿತ್ತು. ಅವಳ ಕಣ್ಣು ಕಾಲಿಗಿಂತ ಕಾಲ ಕೆಳಗಿನ ಪೆಟ್ಟಿಗೆಯ ಮೇಲಿತ್ತು.

"ಹೀಗೆ ಮೇಲಕ್ಕೆ ಇಟ್ಟರೆ ನೋವು ಕಮ್ಮಿ ಆಗುತ್ತಾ?"

"ಭಾಳ ಕಮ್ಮಿ ಆಗ್ತದ್ರಿ ಅಕ್ಕಾರ. ನಿಮಗೂ ಬಾವು ಬಂದಾದ?"

ಸೊಸೆ ಸೀರೆಯನ್ನು ತುಸು ಎತ್ತಿದಳು. ಎರಡು ಪಾದವೂ ಪೂರಿಯಂತೆ ಉಬ್ಬಿದ್ದವು. ಬೆಳ್ಳಿಯ ಗೆಜ್ಜೆ ಚರ್ಮದೊಳಗೆ ಹೂತು ಹೋಗಿತ್ತು. "ಬೆಳಿಗ್ಗೆಯಿಂದ ಮೂರು ಕಡೆ ಪೂಜೆಗೆ ನಿಲ್ಲಿಸಿದ್ದಾರೆ," ಎಂದಳು, ಮಾವನ ಕಡೆ ನೋಡದೆ.

ಕುಲ್ಸುಮ್ ಸ್ಟೂಲು ತಂದಳು. ಶರಣವ್ವ ಕೂತಲ್ಲಿಂದಲೇ ಪೆಟ್ಟಿಗೆಯಲ್ಲಿ ಜಾಗ ಮಾಡಿದಳು. ಯಜಮಾನರ ಸೊಸೆ ಕೂತು, ಗೆಜ್ಜೆ ಸಡಿಲಿಸಿ, ತನ್ನ ಎರಡು ಕಾಲನ್ನು ಆ ಒಂದು ಕಾಲಿನ ಪಕ್ಕದಲ್ಲಿ ಚಾಚಿ, "ಉಸ್ಸಪ್ಪಾ" ಎಂದಳು.

ಮುರಿಗೆಪ್ಪನವರ ತಟ್ಟೆಯಲ್ಲಿ ಕರ್ಪೂರ ಕರಗುತ್ತಿತ್ತು. ಆರಿದರೆ ಅಪಶಕುನ. ಶರಣವ್ವನ ಮಷೀನಿಗೆ ಆರತಿ ಬಾಕಿ ಇತ್ತು. ಮಷೀನೂ ಕಾಲೂ ಒತ್ತೊತ್ತಾಗಿ ಇದ್ದವು. ಅವರು ಕಣ್ಣು ಮುಚ್ಚಿಕೊಂಡು ತಟ್ಟೆ ಎತ್ತಿದರು. ಆರತಿ ಮಷೀನಿಗೆ ಆಯಿತೋ, ಕಾಲಿಗೆ ಆಯಿತೋ, ಎರಡಕ್ಕೂ ಆಯಿತೋ, ಅವರಂತೂ ಹೇಳಲಿಲ್ಲ. ಹೊಗೆ ಎರಡರ ಮೇಲೂ ಹೋಯಿತು.

"ನಾಳೆ ಬೆಳಿಗ್ಗೆ," ಎಂದರು ಕೊನೆಗೆ, ಯಾರ ಮುಖವನ್ನೂ ನೋಡದೆ, "ಈ ಮಷೀನು ಎಬ್ಬಿಸೋಕೆ... ನೀನೇ ಬಾ."

"ನಾಳಿಂದ ದಿನಾ ಬರ್ತೀನ್ರಿ. ಈ ಪೆಟ್ಟಿಗಿನೂ ಇಲ್ಲೇ ಇರ್ಲಿ. ಉಂಡ ಮ್ಯಾಲ ಕಾಲು ಇಡಾಕ ಬೇಕು."

"ಇರ್ಲಿ."

ಹೊರಗೆ ಬೂದುಗುಂಬಳ ಒಡೆಯಿತು. ಪುರಿ, ಬೂಂದಿ ಹಂಚಿದರು. ವೆಂಕಟಸ್ವಾಮಿಗೆ ಮಾತ್ರ ಉರಿ ಆರಿರಲಿಲ್ಲ. ಎಲ್ಲರೂ ಹೊರಡುವಾಗ ಕೈಕಟ್ಟಿ ಬಾಗಿಲಲ್ಲಿ ನಿಂತ. "ಏನಮ್ಮ, ನಾಳೆವರೆಗೂ ಅಲ್ಲಾಡಬಾರ್ದು ಅಂದೆ. ಮನೆಗೆ ಹೇಗೆ ಹೋಗ್ತೀಯ? ನಡೀತೀಯಾ? ನಡೆದ್ರೆ ಪೂಜೆ ಕೆಟ್ಟೋಯ್ತು ನೋಡು."

ಶರಣವ್ವ ಇದನ್ನು ಯೋಚಿಸಿರಲಿಲ್ಲ. ಕುಲ್ಸುಮ್ ಯೋಚಿಸಿದ್ದಳು. ಡಬ್ಬ ಸಾಗಿಸುವ ತಳ್ಳುಗಾಡಿಯನ್ನು ಗಡಗಡ ಎಂದು ಎಳೆದು ತಂದೇಬಿಟ್ಟಳು. ಅದಕ್ಕೂ ಕುಂಕುಮ ಬಿದ್ದಿತ್ತು, ಆದರೆ ಗಾಡಿಗಳಿಗೆ ಮುರಿಗೆಪ್ಪನವರ ಕಾನೂನು ಇರಲಿಲ್ಲ. ಪೂಜೆ ಆದ ಗಾಡಿ ನಿಂಬೆಹಣ್ಣಿನ ಮೇಲೆ ಹೋಗಲೇಬೇಕು. ಹೆಂಗಸರು ಶರಣವ್ವನನ್ನು ಪೆಟ್ಟಿಗೆಯ ಸಮೇತ ಎತ್ತಿ ಕೂರಿಸಿದರು. ಎಡಗಾಲು ಮುಂದಕ್ಕೆ ಚಾಚಿತ್ತು, ಲಾರಿಯ ಮುಂದಿನ ಬಾಳೆಕಂದಿನ ಹಾಗೆ. ಚಕ್ರ ನಿಂಬೆಹಣ್ಣನ್ನು ಪಚಕ್ ಎಂದು ಒಡೆಯಿತು.

"ಜೋಪಾನ ಕಣ್ರೇ," ಎಂದಳು ಸೊಣ್ಣಮ್ಮ ಗಾಡಿಯ ತುದಿ ಹಿಡಿದು. "ಒಸ ಮಷೀನು."

ತುಮಕೂರು ರಸ್ತೆ ಅಂದು ಮದುವೆಮನೆಯಂತಿತ್ತು. ಲಾರಿ, ಆಟೋ, ಸೈಕಲ್ಲು, ಎಲ್ಲಕ್ಕೂ ಹೂವು. ಜನ ತಿರುಗಿ ತಿರುಗಿ ನೋಡಿದರು. ಶರಣವ್ವನ ಕೈ ಅಭ್ಯಾಸದಿಂದ ಸೀರೆಯ ಅಂಚಿಗೆ ಹೋಯಿತು. ಅಂಚು ಹಿಡಿಯಿತು. ಬಿಟ್ಟಿತು. ಸೀಮೆಎಣ್ಣೆ ಅಂಗಡಿಯವನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅವಳು ಅವನನ್ನು ತಿರುಗಿ ನೋಡಿದಳು. ಅವನೇ ಮೊದಲು ಕಣ್ಣು ತಗ್ಗಿಸಿದ.

ಹೂಮಾಲೆ ಹಾಕಿ ನಿಲ್ಲಿಸಿದ್ದ ಲಾರಿಯ ಮೇಲಿಂದ ಒಬ್ಬ ಕ್ಲೀನರ್ ಕೂಗಿದ. "ಏಯ್ ಮಚ್ಚಾ, ನೋಡೋ! ಮೈಸೂರಲ್ಲಿ ನಾಳೆ, ಇಲ್ಲಿ ಇವತ್ತೇ ಆನೆ ಬಂತು!"

ಗಾಡಿ ತಳ್ಳುತ್ತಿದ್ದ ಹೆಂಗಸರು ನಿಂತರು. ಕುಲ್ಸುಮ್ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಶರಣವ್ವ ಅವಳ ಕೈ ಹಿಡಿದಳು. ಲಾರಿಯ ಮುಂದೆ ಎರಡು ಕಬ್ಬಿನ ಜಲ್ಲೆ ಕಟ್ಟಿದ್ದರು.

"ಆನಿ ಬಂದಾದಪ್ಪ," ಎಂದಳು ಶರಣವ್ವ, ರಸ್ತೆಗೆಲ್ಲ ಕೇಳಿಸುವಂತೆ. "ಕಬ್ಬು ಎಲ್ಲಿ?"

ಕ್ಲೀನರನ ನಗು ಅರ್ಧಕ್ಕೆ ನಿಂತಿತು. ಪಕ್ಕದಲ್ಲಿದ್ದ ಡ್ರೈವರು ಅವನ ಬೆನ್ನಿಗೊಂದು ಗುದ್ದಿದ. "ಕೇಳ್ತಾ ಇದಾರಲ್ಲ, ಕೊಡೋ!" ಅವನು ಇಳಿದು ಬಂದು, ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿದು, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. "ತಪ್ಪಾಯ್ತು ಅಕ್ಕ" ಎಂದ, ಪಿಸುಮಾತಿನಲ್ಲಿ.

ಶರಣವ್ವ ಹಲ್ಲಿನಿಂದ ಸಿಪ್ಪೆ ಸಿಗಿದು ಒಂದು ತುಂಡು ಕುಲ್ಸುಮಳಿಗೆ, ಒಂದೊಂದು ತುಂಡು ಬೇರೆಯವರಿಗೆ, ಮೆತ್ತಗಿನದನ್ನು ಆರಿಸಿ ಸೊಣ್ಣಮ್ಮನಿಗೆ ಕೊಟ್ಟಳು. ಗಾಡಿ ಮತ್ತೆ ಹೊರಟಿತು. ಮನೆಯ ಬಾಗಿಲಲ್ಲಿ ನಿಂಗವ್ವ ನಿಂತಿದ್ದಳು. ಬೈಸಿಕೊಂಡು ಬರುವ ಮಗಳ ದಾರಿ ಕಾಯುತ್ತಿದ್ದಳು. ಹೂವು ಮುಡಿದ ಕಾಲು ಮೊದಲು ಕಂಡಿತು, ಅದರ ಹಿಂದೆ ಮಗಳು.

"ಏನವ್ವ ಇದು?"

ಶರಣವ್ವನ ಬಾಯಿ ತುಂಬಿತ್ತು. ಜಗಿದು, ರಸ ನುಂಗಿ, ಸಿಪ್ಪೆಯನ್ನು ದೂರಕ್ಕೆ ಉಗಿದಳು.

"ಭಾಳ ಸಿಹಿ ಅದ ಅವ್ವ," ಎಂದಳು. "ನಿನಗೂ ಒಂದು ತುಂಡು ಇಟ್ಟೀನಿ."